ಗ್ರಾಮಸಭೆಯಲ್ಲಿ ಹಿರಿಯರು, ಕಿರಿಯರು



ನಮ್ಮ ಸಭೆಗಳಲ್ಲಿ ಎರಡು ಮಾತು ಆಗಾಗ ಕೇಳಿಬರುತ್ತವೆ. ಒಂದು, "ನಿನ್ನೆ ಮೊನ್ನೆ ಹುಟ್ಟಿದವಳು, ನಿಂಗೇನು ಗೊತ್ತು?" ಇನ್ನೊಂದು, "ಅಜ್ಜಾ, ನಿಮ್ಮ ಕಾಲ ಮುಗೀತು, ಸುಮ್ನೆ ಕೂತ್ಕೊಳ್ಳಿ." ಎರಡೂ ಎದುರಿನವರ ಬಾಯಿ ಮುಚ್ಚಿಸುವ ಮಾತುಗಳೇ.

ಕಾನೂನು ಏನು ಹೇಳುತ್ತದೆ? ಮತದಾನದ ವಯಸ್ಸು ಮೊದಲು 21 ಇತ್ತು. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ ಅದು 18ಕ್ಕೆ ಇಳಿಯಿತು. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. 21 ತುಂಬಿದವರು ಪಂಚಾಯತ್ ಚುನಾವಣೆಗೂ ನಿಲ್ಲಬಹುದು. ಅಂದ ಮೇಲೆ 18ರ ಹುಡುಗಿಗೂ 80ರ ಅಜ್ಜನಿಗೂ ಗ್ರಾಮಸಭೆಯಲ್ಲಿ ಮಾತಾಡಲು ಸಮಾನ ಹಕ್ಕು.

ಹಕ್ಕು ಕಾನೂನಿನಿಂದ ಬಂತು. ಪ್ರಬುದ್ಧತೆಯನ್ನು ನಾವೇ ಬೆಳೆಸಿಕೊಳ್ಳಬೇಕು. ತಲೆ ನರೆತ ಮಾತ್ರಕ್ಕೆ ಅದು ಬರುವುದಿಲ್ಲ, ನಾಲ್ಕಕ್ಷರ ಕಲಿತ ಮಾತ್ರಕ್ಕೂ ಬರುವುದಿಲ್ಲ. ಕೆರೆ ಹೂಳೆತ್ತುವ ವಿಷಯ ಬಂತು ಅನ್ನಿ. ಹಿಂದೆ ನೀರು ಯಾವ ತೋಡಿನಲ್ಲಿ ಹರಿದು ಬರುತ್ತಿತ್ತು ಎಂಬುದು ಅಜ್ಜನಿಗೆ ಗೊತ್ತು. ಖರ್ಚಿನ ಪಟ್ಟಿ ಓದಿ ಲೆಕ್ಕ ಕೇಳುವುದು ಮೊಮ್ಮಗಳಿಗೆ ಗೊತ್ತು. ಅಜ್ಜನನ್ನು ಸುಮ್ಮನಾಗಿಸಿದರೆ ಕೆರೆಗೆ ನೀರು ಬರಲಿಕ್ಕಿಲ್ಲ. ಮೊಮ್ಮಗಳನ್ನು ಸುಮ್ಮನಾಗಿಸಿದರೆ ಹಣ ಎಲ್ಲಿ ಹೋಯಿತೆಂದು ತಿಳಿಯಲಿಕ್ಕಿಲ್ಲ. ನಷ್ಟ ಇಡೀ ಊರಿಗೆ.

ಆದುದರಿಂದ ಮುಂದಿನ ಗ್ರಾಮಸಭೆಯಲ್ಲಿ ನಾವು ಮೂರು ನಿಯಮ ಪಾಲಿಸೋಣ. ಯಾರ ವಯಸ್ಸನ್ನೂ ಎತ್ತಿ ಆಡುವುದು ಬೇಡ. ಮಾತು ಮುಗಿಯುವ ತನಕ ಕೇಳೋಣ. ಒಪ್ಪಿಗೆಯಾಗದಿದ್ದರೆ ಕಾರಣ ಹೇಳೋಣ. ಮನೆಯಿಂದ ಹೊರಡುವಾಗ ಅತ್ತೆ ಸೊಸೆಯನ್ನು, ಮಗ ಅಪ್ಪನನ್ನು ಜೊತೆಗೇ ಕರ್ಕೊಂಡು ಬರಲಿ.