ಬೆಟ್ಟದ ದಾರಿಯಲ್ಲಿ ಬೈಸಿಕಲ್ ಪ್ರವಾಸ

(ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬೈಸಿಕಲ್ಲಿನ ಮೇಲೆ ದೂರದ ಊರುಗಳಿಗೆ ಪ್ರವಾಸ ಹೊರಡುವುದನ್ನು ಕುರಿತು ಮಾತನಾಡಬೇಕೆಂದು ತಾವು ಅಪೇಕ್ಷಿಸಿದ್ದೀರಿ. ಬೈಸಿಕಲ್ ಎಂದೊಡನೆ ನಮ್ಮಲ್ಲಿ ಹಲವರಿಗೆ ಹಾಲಿನ ಕ್ಯಾನು, ಅಂಚೆಯವನ ಚೀಲ, ಶಾಲೆಗೆ ಹೊರಟ ಹುಡುಗ ಇವೇ ಕಣ್ಣಮುಂದೆ ಬರುತ್ತವೆ. ಅದು ದುಡಿಮೆಯ ವಾಹನ. ಅದನ್ನು ವಿಹಾರಕ್ಕೆ ಬಳಸುವುದು ಐರೋಪ್ಯರ ರೂಢಿಯೆಂಬ ಭಾವನೆ ಇನ್ನೂ ಉಳಿದುಕೊಂಡಿದೆ. ಆ ಕಡೆಯ ಒಂದು ನಿದರ್ಶನದಿಂದಲೇ ಆರಂಭಿಸುತ್ತೇನೆ. ಫ್ರಾನ್ಸಿನ ಬರ್ಗಂಡಿ ಪ್ರಾಂತದಲ್ಲಿ ಬೋನ್ ಪಟ್ಟಣದಿಂದ ಸಾಂತನೇ ಗ್ರಾಮದವರೆಗೆ ಸುಮಾರು 22 ಕಿ.ಮೀ. ಉದ್ದದ, ‘ದ್ರಾಕ್ಷಿತೋಟಗಳ ದಾರಿ’ ಎಂಬ ಹೆಸರಿನ ಬೈಸಿಕಲ್ ಮಾರ್ಗವೊಂದಿದೆ. ಅದರ ಬಹುಭಾಗ ರೈತರು ತೋಟಕ್ಕೆ ಹೋಗಿಬರಲು ಬಳಸುವ ಕಿರುದಾರಿಯೇ ಆಗಿದೆ. ಇದ್ದ ದಾರಿಗಳನ್ನು ಒಂದಕ್ಕೊಂದು ಜೋಡಿಸಿ, ತಿರುವುಗಳಲ್ಲಿ ಫಲಕ ನೆಟ್ಟು, ಪ್ರವಾಸಿಗರಿಗೆ ತಿಳಿಯುವಂತೆ ಮಾಡಲಾಗಿದೆ. ಟ್ರಾಕ್ಟರ್ ಬಂದರೆ ಸವಾರನು ಪಕ್ಕಕ್ಕೆ ಸರಿದು ನಿಲ್ಲಬೇಕು.

ಇಂತಹ ದಾರಿಗಳು ನಮ್ಮಲ್ಲಿಯೂ ಇವೆ, ಫಲಕಗಳಷ್ಟೇ ಇಲ್ಲ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ನಂದಿಬೆಟ್ಟದ ತಪ್ಪಲನ್ನು ನೋಡಿ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟದ ಸುತ್ತ, ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ನಡುವಣ ಹಳ್ಳಿಗಳಲ್ಲಿ ದ್ರಾಕ್ಷಿಯ ಚಪ್ಪರಗಳು ಹಬ್ಬಿವೆ. 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ‘ಬೆಂಗಳೂರು ನೀಲಿ’ ತಳಿ ಇಲ್ಲಿಯದು. ಫ್ರೆಂಚ್ ತಳಿಗಳನ್ನು ತಂದು ನೆಟ್ಟು, ದ್ರಾಕ್ಷಾರಸದ ಉದ್ಯಮವನ್ನು ಕಟ್ಟಿದ ಗ್ರೋವರ್ ತೋಟ 1988ರಲ್ಲಿ ಆರಂಭವಾದದ್ದೂ ಈ ತಪ್ಪಲಿನಲ್ಲಿಯೇ. 2007ರಲ್ಲಿ ಕರ್ನಾಟಕ ಸರ್ಕಾರವು ಇದಕ್ಕಾಗಿ ಪ್ರತ್ಯೇಕ ನೀತಿಯನ್ನು ರೂಪಿಸಿತು. ಭಾನುವಾರದ ನಸುಕಿನಲ್ಲಿ ರಾಜಧಾನಿಯಿಂದ ಹೊರಡುವ ಸವಾರರಿಗೆ ನಂದಿಯ ಏರು ಒಂದು ಪರೀಕ್ಷೆಯಂತಾಗಿದೆ. ಆದರೆ ಬಹುಮಂದಿ ಶಿಖರ ಮುಟ್ಟಿದ ವೇಳೆಯನ್ನು ಗಡಿಯಾರದಲ್ಲಿ ನೋಡಿಕೊಂಡು ಹೆದ್ದಾರಿಯಲ್ಲಿಯೇ ಹಿಂದಿರುಗುತ್ತಾರೆ. ಬುಡದಲ್ಲಿಯೇ ಇರುವ ಭೋಗನಂದೀಶ್ವರನ ಪ್ರಾಚೀನ ದೇವಾಲಯವನ್ನಾಗಲಿ, ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯನ್ನಾಗಲಿ, ಚಪ್ಪರಗಳ ನಡುವೆ ಹಾಯುವ ಊರದಾರಿಗಳನ್ನಾಗಲಿ ನೋಡುವವರು ಕಡಮೆ. ಇದು ಪ್ರವಾಸವೆನಿಸದು, ವ್ಯಾಯಾಮವೆನಿಸೀತು. ಅಲ್ಲಿಯ ದ್ರಾಕ್ಷಿ ಕೊಳವೆಬಾವಿಯ ನೀರಿನಿಂದ ಬೆಳೆಯುತ್ತದೆ, ಆ ನೀರು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುತ್ತಿದೆ ಎಂಬ ಸಂಗತಿ ನಿಧಾನವಾಗಿ ಊರೊಳಗೆ ಹಾದುಹೋಗುವವನಿಗೆ ಮಾತ್ರ ತಿಳಿಯುತ್ತದೆ.

ಇನ್ನು ನಾವು ವಾಸಿಸುವ ಊರಿಗೆ ಬರೋಣ. ಮುವ್ವಲವಾನಿಪಾಲೆಂ ಎಂಬ ಹಳ್ಳಿಯ ಹೆಸರನ್ನು ಮೂರು ಅಕ್ಷರಗಳಿಗೆ ಇಳಿಸಿಕೊಂಡ ಈ ಬಡಾವಣೆ ಬೈಸಿಕಲ್ ಸವಾರನಿಗೆ ಅಪೂರ್ವವಾದ ನೆಲೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಕೈಲಾಸಗಿರಿ, ಹೆದ್ದಾರಿಯನ್ನು ದಾಟಿದರೆ ಕಂಬಾಲಕೊಂಡದ ಅಭಯಾರಣ್ಯ. ಮೊದಲು ಅಭ್ಯಾಸ ಮಾಡಬೇಕೆನ್ನುವವರು ಕಡಲತೀರದ ರಸ್ತೆಯನ್ನು ಹಿಡಿದು ಋಷಿಕೊಂಡದ ಮಾರ್ಗವಾಗಿ ಭೀಮುನಿಪಟ್ಟಣಕ್ಕೆ ಹೋಗಿಬರಬಹುದು. ದಾರಿಯಲ್ಲಿ ತೊಟ್ಲಕೊಂಡದ ಬೌದ್ಧವಿಹಾರದ ಅವಶೇಷಗಳಿವೆ, ಕೆಮ್ಮಣ್ಣಿನ ದಿಬ್ಬಗಳಿವೆ, ಕೊನೆಯಲ್ಲಿ ಡಚ್ಚರ ಸಮಾಧಿಗಳಿವೆ. ಆ ರಸ್ತೆಯ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ. ಅದು ತಮಗೆಲ್ಲರಿಗೂ ಪರಿಚಿತವಾದದ್ದು.

ನಾನು ಮುಖ್ಯವಾಗಿ ಹೇಳಬಯಸುವುದು ಅರಕು ಕಣಿವೆಯ ದಾರಿಯನ್ನು ಕುರಿತು. ಇಲ್ಲಿಂದ ಹನುಮಂತವಾಕ, ಮುಡಸರ್ಲೋವ, ಅಡವಿವರಂ ಮಾರ್ಗವಾಗಿ ಸಿಂಹಾಚಲದ ಬೆಟ್ಟಗಳ ಬುಡವನ್ನು ಬಳಸಿ ಪೆಂದುರ್ತಿಯನ್ನು ಸೇರಿ, ಕೊತ್ತವಲಸ ದಾಟಿದರೆ ಶೃಂಗವರಪುಕೋಟ. ಇಷ್ಟು ಬಯಲುದಾರಿ. ಮೊದಲ ದಿನ ಅಲ್ಲಿಯೇ ತಂಗುವುದು ಲೇಸು. ಒಂದೇ ದಿನದಲ್ಲಿ ಅರಕು ಮುಟ್ಟಿದೆನೆಂದು ಹೇಳಿಕೊಳ್ಳುವವರಿದ್ದಾರೆ. ಅವರ ಸಾಮರ್ಥ್ಯವನ್ನು ಅಲ್ಲಗಳೆಯಲಾರೆ. ಆದರೆ ಸಂಜೆಯ ಮಬ್ಬಿನಲ್ಲಿ ಘಟ್ಟದ ತಿರುವುಗಳಲ್ಲಿ ಸಿಕ್ಕಿಕೊಳ್ಳುವುದು ಯಾರಿಗೂ ಕ್ಷೇಮವಲ್ಲ. ಎರಡನೆಯ ದಿನ ಬೆಳಗಿನ ಜಾವ ಹೊರಟರೆ ಕಾಶಿಪಟ್ಟಣದ ಆಚೆಗೆ ಪೂರ್ವಘಟ್ಟದ ಏರು ಆರಂಭವಾಗುತ್ತದೆ. ತ್ಯಾಡ, ಅನಂತಗಿರಿ, ಸುಂಕರಮೆಟ್ಟ ಇವು ನಡುವೆ ಸಿಗುವ ನಿಲುಗಡೆಗಳು. ಬೊರ್ರಾ ಗುಹೆಗಳಿಗೆ ಪ್ರಧಾನ ರಸ್ತೆಯಿಂದ ಕವಲೊಡೆಯಬೇಕು. ಆ ಕವಲಿನಲ್ಲಿ ಇಳಿದಷ್ಟನ್ನೂ ಮತ್ತೆ ಹತ್ತಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ವಿಶಾಖಪಟ್ಟಣದಿಂದ ಅರಕುವಿಗೆ ಒಟ್ಟು ಸುಮಾರು 115 ಕಿ.ಮೀ. ದೂರ.

ಈ ಏರಿಗೆ ಬೇಕಾಗುವ ಶಕ್ತಿಯನ್ನು ಲೆಕ್ಕ ಹಾಕುವುದು ಕಷ್ಟವಲ್ಲ. 70 ಕಿಲೋಗ್ರಾಂ ತೂಕದ ಸವಾರನು 15 ಕಿಲೋಗ್ರಾಂ ತೂಕದ ವಾಹನ ಮತ್ತು ಸಾಮಾನಿನೊಡನೆ ಕಡಲತೀರದಿಂದ ಸುಮಾರು 900 ಮೀಟರ್ ಎತ್ತರದ ಅರಕುವಿಗೆ ಏರುತ್ತಾನೆನ್ನೋಣ. ಆ ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 180 ಕಿಲೋಕ್ಯಾಲೊರಿ. ಆದರೆ ನಮ್ಮ ಸ್ನಾಯುಗಳು ತಿಂದ ಆಹಾರದ ಸುಮಾರು ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತವೆ; ಉಳಿದದ್ದು ಬಿಸಿಯಾಗಿ, ಬೆವರಾಗಿ ಹೋಗುತ್ತದೆ. ಆದ್ದರಿಂದ 700 ಕಿಲೋಕ್ಯಾಲೊರಿಗೂ ಮಿಕ್ಕಿದ ಆಹಾರ ಬರಿಯ ಏರಿಗೇ ಬೇಕು. ದಾರಿಯ ಘರ್ಷಣೆ, ಎದುರುಗಾಳಿ, ನಡುವಣ ಇಳಿಜಾರುಗಳನ್ನು ಮತ್ತೆ ಹತ್ತುವ ಶ್ರಮ ಇವು ಇದಕ್ಕೆ ಸೇರಿಲ್ಲ. ಬಾಳೆಹಣ್ಣು, ಕಡಲೆಬೆಲ್ಲ, ಅವಲಕ್ಕಿ ಇವು ಯಾವ ಬೆಲೆಬಾಳುವ ಪೊಟ್ಟಣಕ್ಕೂ ಕಡಮೆಯಲ್ಲ. ಹಸಿವಾಗುವ ಮುನ್ನ ತಿನ್ನಬೇಕು, ಬಾಯಾರುವ ಮುನ್ನ ಕುಡಿಯಬೇಕು. ದುಬಾರಿ ಬೈಸಿಕಲ್ ಇಲ್ಲದಿದ್ದರೂ ಚಿಂತೆಯಿಲ್ಲ. ಏರಿಗೆ ತಕ್ಕ ಚಿಕ್ಕ ಗಿಯರ್ ಇರಬೇಕಾದುದು ಮುಖ್ಯ. ಅದೂ ಇಲ್ಲದವರು ಇಳಿದು ತಳ್ಳಿಕೊಂಡು ನಡೆಯಲಿ, ಅದರಲ್ಲಿ ಅವಮಾನವೇನೂ ಇಲ್ಲ.

ಏರುವಾಗ ಸವಾರನು ಕಾಣುವುದೇನು? ಅನಂತಗಿರಿಯ ಸುತ್ತಮುತ್ತ ಸಿಲ್ವರ್ ಓಕ್ ಮರಗಳು, ಅವನ್ನು ತಬ್ಬಿಕೊಂಡ ಮೆಣಸಿನ ಬಳ್ಳಿಗಳು, ಕೆಳಗೆ ಕಾಫಿಯ ಗಿಡಗಳು. ಚಿಕ್ಕಮಗಳೂರಿನವರಿಗೆ, ಕೊಡಗಿನವರಿಗೆ ಇದು ತವರಿನ ನೋಟ. 2019ರಲ್ಲಿ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು ಮತ್ತು ಕೊಡಗಿನ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಸೂಚಕ ದೊರೆತಾಗ, ಅವುಗಳ ಜೊತೆಯಲ್ಲಿಯೇ ಅರಕು ಕಣಿವೆಯ ಅರೇಬಿಕಾಕ್ಕೂ ಅದು ದೊರೆಯಿತು. ಆದರೆ ವ್ಯತ್ಯಾಸವೊಂದಿದೆ. ಅಲ್ಲಿ ಎಸ್ಟೇಟುಗಳಿವೆ, ಇಲ್ಲಿಯ ಬೆಳೆಗಾರರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿಯ ಗಿರಿಜನರು. ಕಾಡು ಕಡಿದು ಸುಟ್ಟು ಬಿತ್ತುವ ‘ಪೋಡು’ ಕೃಷಿಗೆ, ನಮ್ಮ ಮಲೆನಾಡಿನ ಕುಮರಿ ಬೇಸಾಯದಂತಹುದಕ್ಕೆ, ಬದಲಾಗಿ ಕಾಫಿಯನ್ನು ಇಲ್ಲಿ ಪ್ರೋತ್ಸಾಹಿಸಲಾಯಿತು. ಇಲ್ಲಿ ಈ ಗಿಡವನ್ನು ಮರದ ನೆರಳಿನಲ್ಲಿ ಬೆಳೆಸುವುದರಿಂದ ಮರವನ್ನು ಉಳಿಸಿಕೊಳ್ಳುವುದೇ ಬೆಳೆಗಾರನಿಗೆ ಲಾಭವಾಯಿತು. ಆ ನೆರಳು ಎಷ್ಟು ಬೆಲೆಯುಳ್ಳದ್ದೆಂಬುದು 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಅಪ್ಪಳಿಸಿದಾಗ ಗೊತ್ತಾಯಿತು. ನೆರಳಿನ ಮರಗಳು ಉರುಳಿ ಕೆಳಗಿನ ಗಿಡಗಳನ್ನು ಜಜ್ಜಿದವು. ಬಿದ್ದ ಮರವನ್ನು ಒಂದು ದಿನದಲ್ಲಿ ತೆರವು ಮಾಡಬಹುದು. ಅದರ ನೆರಳನ್ನು ಮತ್ತೆ ಪಡೆಯಲು ವರ್ಷಗಳು ಬೇಕು.

ಇದೇ ಅನಂತಗಿರಿ ಮಂಡಲಕ್ಕೆ, ಬೊರ್ರಾದ ಮೀಸಲು ಅರಣ್ಯಕ್ಕೆ, ನಮ್ಮ ನ್ಯಾಯಾಂಗದ ಚರಿತ್ರೆಯಲ್ಲಿಯೂ ಸ್ಥಾನವಿದೆ. ಇಲ್ಲಿ ಖಾಸಗಿಯವರಿಗೆ ನೀಡಿದ್ದ ಗಣಿ ಗುತ್ತಿಗೆಗಳನ್ನು ‘ಸಮತಾ’ ಎಂಬ ಸ್ವಯಂಸೇವಾ ಸಂಸ್ಥೆ ಪ್ರಶ್ನಿಸಿತ್ತು. ಅನುಸೂಚಿತ ಪ್ರದೇಶದ ಸರ್ಕಾರಿ ಭೂಮಿಯನ್ನೂ ಗಿರಿಜನರಲ್ಲದವರಿಗೆ ಗಣಿಗಾರಿಕೆಗೆ ಗುತ್ತಿಗೆ ಕೊಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ತೀರ್ಪಿತ್ತಿತು. 2022ರಿಂದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿರುವ ಈ ನೆಲ ಗಿರಿಜನರದು, ನಾವು ಅತಿಥಿಗಳು. ಇದನ್ನು ನೆನಪಿಟ್ಟ ಸವಾರನ ನಡವಳಿಕೆಯೇ ಬೇರೆಯಾಗಿರುತ್ತದೆ. ಸಂತೆಯಲ್ಲಿ ಕುಳಿತ ಹೆಂಗಸಿನ ಮುಖಕ್ಕೆ ಕೇಳದೆ ಕ್ಯಾಮೆರಾ ಹಿಡಿಯುವುದು, ತೋಟದ ಹಣ್ಣನ್ನು ಕುತೂಹಲಕ್ಕೆಂದು ಕೀಳುವುದು, ನೀರಿನ ಬಾಟಲಿಯನ್ನು ಕಣಿವೆಗೆ ಎಸೆಯುವುದು ಇವನ್ನು ಅವನು ಮಾಡಲಾರ. ಕಾರಿನಲ್ಲಿ ಬಂದವರು ಊಟವನ್ನೂ ನೀರನ್ನೂ ಊರಿನಿಂದಲೇ ಹೊತ್ತು ತಂದಾರು. ಬೈಸಿಕಲ್ಲಿನವನಿಗೆ ಅದು ಸಾಧ್ಯವಿಲ್ಲ. ದಾರಿಯ ಬದಿಯ ಅಂಗಡಿಯಲ್ಲಿ ಎರಡು ಸಲ ಚಹಾ, ಒಂದು ಸಲ ಊಟ ಅವನಿಗೆ ಬೇಕೇ ಬೇಕು. ಅವನ ಹಣ ಅಲ್ಲಿಯೇ ಉಳಿಯುತ್ತದೆ.

ರಾಜಮಹೇಂದ್ರವರದಿಂದ ಪಾಡೇರು, ಅರಕು ಮಾರ್ಗವಾಗಿ ವಿಜಯನಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 516ಇಯ ವಿಸ್ತರಣೆಯನ್ನು ಕೈಗೊಳ್ಳಲಾಗಿದೆ. ಆಸ್ಪತ್ರೆಗೆ ಬೇಗನೆ ತಲುಪಬೇಕಾದ ಗರ್ಭಿಣಿಗೆ, ಕಾಫಿಯನ್ನು ಪೇಟೆಗೆ ಸಾಗಿಸುವ ರೈತನಿಗೆ ಒಳ್ಳೆಯ ರಸ್ತೆ ಬೇಕು. ಸವಾರರ ಸೊಗಸಿಗಾಗಿ ಅದು ಕಿರಿದಾಗಿಯೇ ಉಳಿಯಲೆಂದು ಬಯಸುವುದು ಸ್ವಾರ್ಥ. ಆದರೆ ಅಗಲಗೊಂಡ ರಸ್ತೆಯಲ್ಲಿ ವಾಹನಗಳ ವೇಗ ಹೆಚ್ಚುತ್ತದೆ. ಅಂಚಿನಲ್ಲಿ ಒಂದೂವರೆ ಮೀಟರಿನಷ್ಟು ನಯವಾದ ಪಟ್ಟಿಯನ್ನು ಬಿಟ್ಟರೆ ಅದರ ಪ್ರಯೋಜನ ಪ್ರವಾಸಿಗಿಂತ ಹೆಚ್ಚಾಗಿ ತಲೆಯ ಮೇಲೆ ಹೊರೆ ಹೊತ್ತು ಸಂತೆಗೆ ನಡೆಯುವವರಿಗೇ ಆಗುತ್ತದೆ. ಇದನ್ನು ಕೇಳುವುದು ನ್ಯಾಯವೆಂದೇ ನನ್ನ ಅಭಿಪ್ರಾಯ.

ಅಪಾಯವಿರುವುದು ಏರಿನಲ್ಲಲ್ಲ, ಇಳಿಜಾರಿನಲ್ಲಿ. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. ಬ್ರೇಕನ್ನು ಒಂದೇ ಸಮನೆ ಹಿಡಿದಿದ್ದರೆ ಚಕ್ರದ ಅಂಚು ಕಾದು ಟ್ಯೂಬು ಒಡೆಯಬಹುದು. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು. ತಿರುವಿನ ಒಳಗಲ್ಲ, ತಿರುವಿಗೆ ಮುನ್ನವೇ ವೇಗ ತಗ್ಗಿಸಬೇಕು. ಮಂಜು ಕವಿದರೆ ಹಗಲಿನಲ್ಲಿಯೂ ಹಿಂಬದಿಯ ಕೆಂಪು ದೀಪ ಉರಿಯುತ್ತಿರಲಿ. ಶಿರಸ್ತ್ರಾಣ, ಎರಡು ಟ್ಯೂಬು, ತೂತು ಮುಚ್ಚುವ ಸಾಮಗ್ರಿ, ಪಂಪು ಇವಿಲ್ಲದೆ ಘಟ್ಟ ಹತ್ತಕೂಡದು.

ಹೊರಡಲು ತಕ್ಕ ಕಾಲ ನವೆಂಬರಿನಿಂದ ಫೆಬ್ರವರಿಯವರೆಗೆ. ನವೆಂಬರಿನಲ್ಲಿ ಕಣಿವೆಯ ಹೊಲಗಳು ಹಳದಿಯಾಗಿರುತ್ತವೆ. ತೆಲುಗರು ‘ವಲಿಸೆ’ ಎನ್ನುವ ಆ ಹೂವು ನಮ್ಮ ಹುಚ್ಚೆಳ್ಳು. ಹಿಂದಿರುಗುವಾಗ ಇಳಿಜಾರನ್ನು ತಪ್ಪಿಸಬೇಕೆನ್ನುವವರಿಗೆ ಕೊತ್ತವಲಸ-ಕಿರಂದುಲ್ ರೈಲುಮಾರ್ಗವಿದೆ. ಬೈಲಾಡಿಲದ ಕಬ್ಬಿಣದ ಅದಿರನ್ನು ಬಂದರಿಗೆ ತರಲೆಂದು 1960ರ ದಶಕದಲ್ಲಿ ಕಟ್ಟಿದ ಈ ಮಾರ್ಗವು ಸುರಂಗದಿಂದ ಸುರಂಗಕ್ಕೆ ನುಸುಳುತ್ತ ಇಳಿಯುತ್ತದೆ. ಅರಕು ನಿಲ್ದಾಣದಲ್ಲಿ ರೈಲು ಬರುವುದಕ್ಕೆ ಸಾಕಷ್ಟು ಮುಂಚೆಯೇ ಹೋಗಿ, ಬೈಸಿಕಲ್ಲನ್ನು ಸಾಮಾನಿನ ಡಬ್ಬಿಗೆ ಬುಕ್ ಮಾಡಿಸಿ, ರಶೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಪೆಡಲುಗಳನ್ನು ಬಿಚ್ಚಿ, ಹ್ಯಾಂಡಲನ್ನು ತಿರುಗಿಸಿ ಕಟ್ಟಿಕೊಟ್ಟರೆ ಇಳಿಸಿಕೊಳ್ಳುವಾಗ ತೊಂದರೆಯಾಗದು.