ಉತ್ತರಾಯಣ ಬಂದರೂ ತಡವಾಗಿ ಏಳುವ ಸೂರ್ಯ



ಎಳ್ಳುಬೆಲ್ಲ ಹಂಚಿ ಆಯಿತು, ಉತ್ತರಾಯಣ ಬಂತು, ಇನ್ನು ಹಗಲು ಬೆಳೆಯುತ್ತದೆ ಎನ್ನುತ್ತೇವೆ. ಬೆಳಿಗ್ಗೆ ಹಾಲು ತರಲು ಹೊರಡುವವರನ್ನು ಕೇಳಿ, ಬೇರೆಯೇ ಹೇಳುತ್ತಾರೆ: ಆರೂವರೆಯಾದರೂ ಸೂರ್ಯನ ಪತ್ತೆಯಿಲ್ಲ! ಅವರ ಮಾತು ಸರಿ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಆಸುಪಾಸಿನಲ್ಲಿ. ಅಂದು ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 6.37ಕ್ಕೆ, ತಿಂಗಳ ಬಳಿಕ 6.46ಕ್ಕೆ. ಹಾಗಂತ ಹಗಲು ಬೆಳೆಯಲಿಲ್ಲವೆಂದಲ್ಲ, ಬೆಳೆದದ್ದೆಲ್ಲ ಸಂಜೆಯ ಕಡೆಗೆ.

ಹಗಲಿನ ಉದ್ದವನ್ನು ಅಳೆದುಕೊಡುವುದು ಭೂಮಿಯ ಅಕ್ಷದ 23.5 ಡಿಗ್ರಿ ಓರೆ. ಈ ಓರೆಯಿಂದ ನಾರ್ವೆಯ ಟ್ರಾಮ್ಸೊ ಪಟ್ಟಣದವರಿಗೆ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಬೆಂಗಳೂರು ಸಮಭಾಜಕದಿಂದ 13 ಡಿಗ್ರಿಯಷ್ಟೇ ದೂರ. ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕದಕ್ಕೂ ನಮ್ಮಲ್ಲಿ ಒಂದೂವರೆ ಗಂಟೆಯಷ್ಟೇ ಅಂತರ. ಅದಕ್ಕೇ ಇನ್ನೊಂದು ಸಣ್ಣ ಏರುಪೇರು ನಮ್ಮ ಕಣ್ಣಿಗೆ ಬೀಳುತ್ತದೆ.

ಭೂಮಿ ತನ್ನ ಸುತ್ತ ತಾನು ಒಂದು ಸುತ್ತು ತಿರುಗಲು 23 ಗಂಟೆ 56 ನಿಮಿಷ ಸಾಕು. ಅಷ್ಟರಲ್ಲಿ ತನ್ನ ಹಾದಿಯಲ್ಲಿ ಅದು ಮುಂದೆ ಸರಿದಿರುತ್ತದೆ, ಸೂರ್ಯನಿಗೆ ಮತ್ತೆ ಎದುರಾಗಲು ಇನ್ನಷ್ಟು ತಿರುಗಬೇಕು. ಮಿಕ್ಕ ನಾಲ್ಕು ನಿಮಿಷ ಅದಕ್ಕೆ. ಆದರೆ ಈ ನಾಲ್ಕು ನಿಮಿಷ ವರ್ಷವಿಡೀ ಒಂದೇ ಸಮನಾಗಿಲ್ಲ. ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರ (ನಾವು ನಡುಗುತ್ತಿರುವಾಗಲೇ, ನೋಡಿ!), ಓಟವೂ ಆಗ ಜೋರು. ಅಕ್ಷದ ಓರೆಯೂ ಜೊತೆ ಸೇರುತ್ತದೆ. ಡಿಸೆಂಬರ್ ಕೊನೆಗೆ ಸೂರ್ಯನ ದಿನ ಗಡಿಯಾರದ ದಿನಕ್ಕಿಂತ ಸುಮಾರು ಅರ್ಧ ನಿಮಿಷ ದೊಡ್ಡದು.

ಅರ್ಧ ನಿಮಿಷ ಏನು ಮಹಾ ಎನಿಸಬಹುದು. ದಿನದಿನವೂ ಕೂಡುತ್ತ ಹೋದರೆ? ಬೆಂಗಳೂರಿನಲ್ಲಿ ನಮ್ಮ ನೆರಳು ಅತಿ ಗಿಡ್ಡವಾಗುವ ಹೊತ್ತು ನವೆಂಬರ್ ಮೊದಲಲ್ಲಿ 12.03, ಫೆಬ್ರವರಿ ನಡುವೆ 12.34! ನಡುಹಗಲೇ ಮುಂದಕ್ಕೆ ಸರಿದಾಗ ಸೂರ್ಯೋದಯವೂ ಸೂರ್ಯಾಸ್ತವೂ ಅದರ ಹಿಂದೆಯೇ ಸರಿಯುತ್ತವೆ. ಹಗಲು ಬೆಳೆಯುವ ವೇಗ ಈ ಸರಿಯುವಿಕೆಯನ್ನು ಮೀರಿಸುವುದು ಜನವರಿ ಕೊನೆಗೆ. ಲಂಡನ್ನಿನಲ್ಲಿ ಹಗಲಿನ ಉದ್ದದ ಮೇಲೆ ಓರೆಯ ಪ್ರಭಾವ ಹೆಚ್ಚು, ಅಲ್ಲಿ ಹೊಸ ವರ್ಷದ ಹೊತ್ತಿಗೇ ಈ ತಿರುವು ಬಂದುಬಿಡುತ್ತದೆ.

ಮನೆಯಲ್ಲಿ ಪಂಚಾಂಗವೋ ದಿನಪತ್ರಿಕೆಯೋ ಇದ್ದೇ ಇರುತ್ತದೆ. ಸೂರ್ಯೋದಯ, ಸೂರ್ಯಾಸ್ತ ಎರಡನ್ನೂ ಒಂದು ತಿಂಗಳು ಮಕ್ಕಳ ಕೈಯಲ್ಲಿ ಬರೆಸಿ ನೋಡಿ.