ಟೋಕನ್ ಕಿಂಡಿಯ ಪಾಠ



ಮೊಬೈಲು ಆ್ಯಪ್‌ಗಳನ್ನು ರೂಪಿಸುವವರು ಯೂಸರ್ ಎಕ್ಸ್‌ಪೀರಿಯೆನ್ಸ್ ಎಂದು ಆಗಾಗ ಹೇಳುವುದನ್ನು ಕೇಳಿದ್ದೀರಿ. ಬಳಸುವವರಿಗೆ ಆಗುವ ಅನುಭವ, ಅಷ್ಟೆ. ಅದನ್ನು ಕಲಿಯಲು ಬೆಂಗಳೂರಿನ ಕೃಷ್ಣರಾಜಪುರದ, ಅಂದರೆ ಕೆ.ಆರ್. ಪುರದ, ಮೆಟ್ರೊ ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತರೆ ಸಾಕು.

ಟೋಕನ್ನನ್ನೇ ನೋಡಿ. ಒಳಗೆ ಹೋಗುವಾಗ ಅದನ್ನು ಮುಟ್ಟಿಸಬೇಕು, ಹೊರಗೆ ಬರುವಾಗ ಕಿಂಡಿಗೆ ಹಾಕಬೇಕು. ವಸ್ತು ಒಂದು, ಕೆಲಸ ಎರಡು. ಹೊಸಬರು ಹೊರಬರುವಾಗಲೂ ಮುಟ್ಟಿಸುತ್ತಾರೆ. ಗೇಟು ತೆರೆಯುವುದಿಲ್ಲ, ಹಿಂದಿದ್ದವರು ಗೊಣಗುತ್ತಾರೆ. ಆಗ ಕೈಹಿಡಿಯುವುದು ಟೋಕನ್ ತೂರುವಷ್ಟೇ ಅಗಲದ ಆ ಕಿಂಡಿ. ಹೀಗೆ ಮಾಡು ಎಂದು ತಾನೇ ತೋರಿಸಿಕೊಡುವ ಇಂಥ ಗುರುತಿಗೆ ಸಿಗ್ನಿಫೈಯರ್ ಎಂದು ಹೆಸರು. ಟೋಕನ್ ಬದಲು ಕಾರ್ಡು ಮುಟ್ಟಿಸಿದಾಗ ಬರುವ ಬೀಪ್ ಸದ್ದು, ಪರದೆಯಲ್ಲಿ ಕಾಣುವ ಉಳಿಕೆ ಹಣ, ಕೆಲಸ ಆಯಿತೆಂದು ತಿಳಿಸುವ ಇವು ಫೀಡ್‌ಬ್ಯಾಕ್. ಅಮೆರಿಕದ ವಿನ್ಯಾಸ ಚಿಂತಕ ಡೊನಾಲ್ಡ್ ನಾರ್ಮನ್ ಬಾಗಿಲು, ಸ್ವಿಚ್ಚುಗಳ ಬಗ್ಗೆ 1988ರಲ್ಲಿ ಬರೆದ ಪುಸ್ತಕದ ವಾದವೂ ಇದೇ: ಎಲ್ಲರೂ ಒಂದೇ ಕಡೆ ಎಡವುತ್ತಿದ್ದರೆ ಎಡವಿದವರನ್ನು ಬೈಯಬೇಡಿ, ವಸ್ತುವನ್ನು ತಿದ್ದಿ.

2022ರ ನವೆಂಬರಿನಿಂದ ನಮ್ಮ ಮೆಟ್ರೊ ಟಿಕೆಟ್ಟು ವಾಟ್ಸ್‌ಆ್ಯಪ್‌ನಲ್ಲೇ ಸಿಗುತ್ತಿದೆ, ಕನ್ನಡದಲ್ಲೂ. ಜನಕ್ಕೆ ಆಗಲೇ ರೂಢಿಯಾದ ಜಾಗಕ್ಕೇ ಸೇವೆ ಬಂದಿತು. ಇದು ಒಳ್ಳೆಯ ವಿನ್ಯಾಸ.

ಆದರೆ ಅನುಭವ ಪರದೆಯಲ್ಲೇ ಮುಗಿಯುವುದಿಲ್ಲ. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ರೈಲು ಶುರುವಾಯಿತು. ಅಲ್ಲಿಂದ ಬೈಯಪ್ಪನಹಳ್ಳಿಗೆ ಉಳಿದದ್ದು ಬರೀ ಎರಡು ಕಿಲೋಮೀಟರು ಚಿಲ್ಲರೆ. ಅಕ್ಟೋಬರ್ 9ರವರೆಗೆ ಜನ ಕೆ.ಆರ್. ಪುರದಲ್ಲಿ ಇಳಿದು, ಫೀಡರ್ ಬಸ್ಸು ಹತ್ತಿ, ಟಿನ್ ಫ್ಯಾಕ್ಟರಿಯ ದಟ್ಟಣೆ ದಾಟಿ, ಬೈಯಪ್ಪನಹಳ್ಳಿಯಲ್ಲಿ ಮತ್ತೆ ಮೆಟ್ರೊ ಏರಬೇಕಿತ್ತು. ಟಿಕೆಟ್ಟು ಕ್ಷಣದಲ್ಲಿ ಸಿಕ್ಕರೂ ಆ ತುಂಡು ದಾರಿಯೇ ದಿನದ ದಣಿವಾಗಿತ್ತು. ಅದಕ್ಕೇ ವಿನ್ಯಾಸಕಾರರು ಮನೆಬಾಗಿಲಿಂದ ಕಚೇರಿಯವರೆಗೆ ಇಡೀ ಪಯಣದ ನಕ್ಷೆ ಬರೆಯಬೇಕು. ಕಷ್ಟ ಎಲ್ಲಿದೆಯೆಂದು ಆಗಲೇ ಕಣ್ಣಿಗೆ ಬೀಳುವುದು.

ಸಿಲ್ಕ್ ಬೋರ್ಡ್ ಕಡೆಯ ನೀಲಿ ಮಾರ್ಗವೂ ಕೆ.ಆರ್. ಪುರದಲ್ಲೇ ವೈಟ್‌ಫೀಲ್ಡ್‌ನ ಈ ನೇರಳೆ ಮಾರ್ಗವನ್ನು ಕೂಡಲಿದೆ. ಪಕ್ಕದಲ್ಲೇ ರೈಲು ನಿಲ್ದಾಣ. ಇಷ್ಟು ದಾರಿಗಳು ಕೂಡುವ ಕಡೆ ದಾರಿ ತೋರುವ ಫಲಕಗಳನ್ನು ಗೋಡೆಗೆ ಬಿಗಿಯುವ ಮುನ್ನ, ಬಂಗಾರಪೇಟೆ ರೈಲಿನಿಂದ ಗಂಟು ಹೊತ್ತು ಇಳಿಯುವ ನಾಲ್ಕಾರು ಜನರನ್ನು ಕರೆದು, ಬಾಯಿಬಿಡದೆ ಪಕ್ಕದಲ್ಲಿ ನಿಂತು, ಅವರು ಎಲ್ಲಿ ತಡವರಿಸುತ್ತಾರೆ ಎಂದು ನೋಡಬೇಕು. ಯೂಸಬಿಲಿಟಿ ಟೆಸ್ಟ್ ಎಂದರೆ ಇದೇ. ತಡವರಿಸಿದ ಕಡೆಯಲ್ಲೆಲ್ಲ ಫಲಕ ಬದಲಾಗಬೇಕು.